ಬಾಯ್ಕಳಕ ಕೊಕ್ಕರೆಯ ಬಾಯಿ ಯಾಕೆ ಮುಚ್ಚುವುದಿಲ್ಲ

ಲೋಕ ಆಗ ಇನ್ನೂ ಹಸಿಯಾಗಿತ್ತು ಕಂದ. ಬೆಟ್ಟಗಳನ್ನು ಮಾಡಿ ಒಣಗಲು ಇಟ್ಟಿದ್ದರು. ಹೊಳೆಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಿರಲಿಲ್ಲ, ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಆ ಕಾಲದ ಸಮಾಚಾರ ಇದು. ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ಕಂಡವರಿಗಿಂತ ನನಗೇ ಚೆನ್ನಾಗಿ ಗೊತ್ತು.

ಆಗ ಹಕ್ಕಿಗಳಿಗೆ ಕೊಕ್ಕೇ ಇರಲಿಲ್ಲ. ನಿನ್ನ ತುಟಿ ಇದೆಯಲ್ಲ, ಹಾಗೆ ಮೆತ್ತಗಿತ್ತು ಎಲ್ಲರ ಬಾಯಿ. ಗುಬ್ಬಿಗೂ ಅಷ್ಟೇ, ಹದ್ದಿಗೂ ಅಷ್ಟೇ. ಹದ್ದು ಮೆತ್ತನೆ ತುಟಿ ಇಟ್ಟುಕೊಂಡು ಆಕಾಶದಲ್ಲಿ ಗಿರಕಿ ಹೊಡೆಯುತ್ತಿದ್ದರೆ ಕೆಳಗೆ ಇಲಿಗಳು ಅಂಗಾತ ಮಲಗಿ ನಗುತ್ತಿದ್ದವಂತೆ. ಉದುರಿದ ಹಣ್ಣು, ತಾನಾಗಿ ಬಾಯಿಗೆ ಬಂದ ಹುಳ, ಇಷ್ಟೇ ಊಟ. ಎಲ್ಲರೂ ಒಂದೇ ಥರ ಬಡವರು, ಯಾರಿಗೂ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಎಂಥ ಸಪ್ಪೆ ಕಾಲ ಅಂತೀನಿ!

ಆಮೇಲೆ ಕುಟ್ರಯ್ಯ ಬಂದ. ಹೊಳೆ ದಂಡೆಯ ಆಲದ ಮರದ ಕೆಳಗೆ ಕುಲುಮೆ ಹಾಕಿದ.

ಕುಟ್ರಯ್ಯ ಅಂದರೆ ಕುಟ್ರ ಹಕ್ಕಿ. ಹಸಿರು ಮೈ, ಕುಳ್ಳ, ಕತ್ತು ಇದೆಯೋ ಇಲ್ಲವೋ ಅನ್ನುವ ಹಾಗೆ. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲೋ ಎಲೆಯ ಮರೆಯಲ್ಲಿ ಕೂತು ಟುಕ್ ಟುಕ್ ಟುಕ್ ಅಂತ ಬಡಿಯುತ್ತಾನಲ್ಲ, ಅವನೇ. ಕಿಡಿ ಹಾರಿ ಹಾರಿ ಅವನ ಹಣೆಯೂ ಗಂಟಲೂ ಕೆಂಪಾಗಿ ಹೋದವು. ಕೆಲಸದಲ್ಲಿ ಮಾತ್ರ ಗಟ್ಟಿಗ.

ಕೊಕ್ಕು ಅಂದರೆ ಬೇರೇನೂ ಅಲ್ಲ ಕಂದ, ಇಕ್ಕಳ. ಕಮ್ಮಾರರು ಕಾದ ಕಬ್ಬಿಣ ಹಿಡಿಯುತ್ತಾರಲ್ಲ, ಅದೇ ಇಕ್ಕಳ. ಎರಡು ತುಂಡು ಕಬ್ಬಿಣ, ನಡುವೆ ಒಂದು ಕೀಲು. ಹಿಡಿಕೆಗಳು ಕೆನ್ನೆಯ ಒಳಗೆ ಹೋದವು, ಹಿಡಿಯುವ ಬಾಯಿ ಹೊರಗೆ ಉಳಿಯಿತು. ಅಷ್ಟೇ. ಹಾಕಿಸಿಕೊಂಡವರು ಅವತ್ತೇ ಸಾಹುಕಾರರು.

ಮೊದಮೊದಲು ಕೇಳಿದವರಿಗೆಲ್ಲ ಕುಟ್ರಯ್ಯನೇ ಮಾಡಿಕೊಡುತ್ತಿದ್ದ. ಅವನ ಹೆಂಡತಿ ಗಿಡ್ಡಮ್ಮ ಪಕ್ಕದಲ್ಲಿ ಕೂತು ತಿದಿ ಊದುತ್ತಿದ್ದಳು. ತಿದಿ ಉಸ್ಸೆನ್ನುತ್ತಿತ್ತು, ಬೆಂಕಿ ಭಗ್ಗೆನ್ನುತ್ತಿತ್ತು, ಗಂಡ ಹೆಂಡತಿ ಚೆನ್ನಾಗಿಯೇ ಇದ್ದರು. ಹದ್ದಿಗೆ ಡೊಂಕು ಇಕ್ಕಳ ಆಯಿತು, ಗುಬ್ಬಿಗೆ ಗಿಡ್ಡ ಇಕ್ಕಳ ಆಯಿತು, ಮಿಂಚುಳ್ಳಿಗೆ ನೇರ ಇಕ್ಕಳ ಆಯಿತು.

ಆಮೇಲೆ ಮಲ್ಲಿಗಮ್ಮ ಬಂದಳು. ಬೆಳ್ಳಕ್ಕಿ ಮಲ್ಲಿಗಮ್ಮ. ಹೇಳಬಾರದು, ಆದರೂ ಹೇಳುತ್ತೇನೆ.

ದಿನ ಬೆಳಗಾದರೆ ಅವಳು ಕುಲುಮೆಯ ಮುಂದೆ. ಒಂದು ದಿನ ಉದ್ದ ಸಾಲದು. ಒಂದು ದಿನ ಹೊಳಪು ಸಾಲದು. ಒಂದು ದಿನ ತುದಿ ಚೂಪು ಸಾಲದು. "ಇನ್ನೊಂಚೂರು ಉಜ್ಜಿಕೊಡಿ ಕುಟ್ರಯ್ಯ, ನಿಮ್ಮ ಕೈಗುಣ ಯಾರಿಗೂ ಬರಲ್ಲ" ಅಂತ ಕತ್ತು ಡೊಂಕು ಮಾಡಿಕೊಂಡು ನಿಲ್ಲುವಳು. ಆ ಕತ್ತು ಇವತ್ತಿಗೂ ನೆಟ್ಟಗಾಗಿಲ್ಲ, ನೋಡಿದ್ದೀಯಲ್ಲ. ಕುಟ್ರಯ್ಯನೂ ಉಜ್ಜಿದ್ದೇ ಉಜ್ಜಿದ್ದು. ಕೊನೆಗೆ ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಕೂದಲೆಳೆ ತೂರದ ಹಾಗೆ ಕೂಡಿಸಿ ಕೊಟ್ಟ.

ಗಿಡ್ಡಮ್ಮ ಎಷ್ಟು ದಿನ ನೋಡಿಯಾಳು? ಒಂದು ದಿನ ತಿದಿ ಎತ್ತಿ ನೆಲಕ್ಕೆ ಕುಕ್ಕಿದಳು.

"ಅವಳ ಮೂತಿ ತಿದ್ದೋಕೆ ನಾನು ಗಾಳಿ ಊದ್ಬೇಕಾ?" ಅಂದಳು. ಹಾರಿದಳು. ತವರುಮರ ಸೇರಿದಳು.

ಕುಟ್ರಯ್ಯ ಹಿಂದೆಯೇ ಹಾರಿ ಹೋಗಿ ಕಾಲು ಹಿಡಿದ. ಅವಳು ಬಂದಳು, ಒಂದು ಮಾತಿನ ಮೇಲೆ. ಇನ್ನು ಮುಂದೆ ಅವನು ಯಾರಿಗೂ ಕೊಕ್ಕು ಮಾಡಿಕೊಡಕೂಡದು. ಬೇಕಾದವರು ಅಲ್ಲೇ ನಿಂತು ತಾವೇ ಮಾಡಿಕೊಳ್ಳಲಿ. ಅವನು ಬಾಯಲ್ಲಿ ಹೇಳಬಹುದು, ಕೈ ಹಾಕಕೂಡದು. ತಾನಂತೂ ಇನ್ನು ತಿದಿ ಮುಟ್ಟುವುದಿಲ್ಲ.

ಅವತ್ತಿಂದ ಕುಲುಮೆಗೆ ಊದುವ ಕೆಲಸ ಗಾಳಿಗೆ ಬಂತು. ಗಾಳಿ ಎಂಥ ಕೆಲಸಗಾರ ಅಂತ ನಿನಗೆ ಗೊತ್ತೇ ಇದೆ. ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ.

ಇಂಥ ಹೊತ್ತಲ್ಲಿ ಬಂದಳು ನೋಡು ಬೂದವ್ವ.

ಬೂದವ್ವ ಅಂದರೆ ಬೂದಿ ಬಣ್ಣದ ಕೊಕ್ಕರೆ. ಆಗ ರೆಕ್ಕೆಯ ತುದಿಯವರೆಗೂ ಬೂದಿ ಬಣ್ಣವೇ. ಉದ್ದ ಕಾಲು, ಕಡಿಮೆ ಮಾತು. ಗಂಡ ಇದ್ದ, ಇದ್ದೂ ಇಲ್ಲದ ಹಾಗೆ. ಗೂಡಿಗೆ ಕಡ್ಡಿ ತರುತ್ತೇನೆ ಅಂತ ಬೆಳಗ್ಗೆ ಹೋದವನು ಸಂಜೆ ಒಂದು ಕಡ್ಡಿ ತರುತ್ತಿದ್ದ. ಕೆರೆಯ ಜಾಲಿಮರದ ಮೇಲೆ ಗೂಡು, ಗೂಡಲ್ಲಿ ಎರಡು ಮರಿ. ಮರಿಗಳಿಗೆ ಹಸಿವು.

ಹಸಿವು ಯಾಕೆ ಅಂತೀಯ? ಎಲ್ಲರಿಗೂ ಕೊಕ್ಕು ಬಂದ ಮೇಲೆ ಮೆತ್ತನೆ ಬಾಯಿಯವಳಿಗೆ ಏನು ಉಳಿಯಬೇಕು? ಮೀನು ಕಂಡು ಬಗ್ಗುವಷ್ಟರಲ್ಲಿ ಮಲ್ಲಿಗಮ್ಮ ಎತ್ತಿರುತ್ತಾಳೆ. ಕಪ್ಪೆ ಕಂಡು ಬಗ್ಗುವಷ್ಟರಲ್ಲಿ ಇನ್ನೊಬ್ಬರು ಎತ್ತಿರುತ್ತಾರೆ. ಕೆರೆಯಲ್ಲಿ ಯಾರೂ ಮುಟ್ಟದೆ ಉಳಿದದ್ದು ಒಂದೇ, ಬಸವನ ಹುಳು. ಎಲ್ಲಿ ಕಾಲಿಟ್ಟರೂ ಬಸವನ ಹುಳು. ಬೇಕಾದಷ್ಟು ಬಸವನ ಹುಳು.

ಆದರೆ ಅದನ್ನು ಹಿಡಿಯುವುದು ಹೇಗೆ? ಗುಂಡಗೆ, ನುಣ್ಣಗೆ, ಮೈಯೆಲ್ಲ ಲೋಳೆ. ಹತ್ತಿರ ಹೋದರೆ ಚಿಪ್ಪಿನ ಬಾಗಿಲು ದಬ್ಬೆಂದು ಹಾಕಿಕೊಂಡು ಒಳಗಿಂದ ಕೂಗುತ್ತಿತ್ತು:

"ಮನೇಲಿ ಯಾರೂ ಇಲ್ಲ!"

ಬೂದವ್ವನ ಮೆತ್ತನೆ ತುಟಿ ಜಾರುತ್ತಿತ್ತು. ಹುಳು ನಗುತ್ತಿತ್ತು. ಮೇಲೆ ಮರಿಗಳು ಅಳುತ್ತಿದ್ದವು.

ಬೂದವ್ವ ಕುಲುಮೆಗೆ ಹೋದಳು.

"ಕುಟ್ರಯ್ಯ, ನನಗೂ ಒಂದು ಕೊಕ್ಕು ಬೇಕು."

ಕುಟ್ರಯ್ಯ ಒಂದು ಕಣ್ಣಲ್ಲಿ ಹೆಂಡತಿಯನ್ನು ನೋಡಿದ. ಗಿಡ್ಡಮ್ಮ ಮೇಲಿನ ಕೊಂಬೆಯಲ್ಲಿ ಕೂತು ಆಲದ ಹಣ್ಣು ತಿನ್ನುತ್ತಿದ್ದಳು, ಕಿವಿ ಮಾತ್ರ ಕೆಳಗೇ ಇತ್ತು.

"ನಾನು ಮಾಡಿಕೊಡೋ ಹಾಗಿಲ್ಲ ತಾಯಿ. ಕಲ್ಲು ಅಲ್ಲಿದೆ, ಸುತ್ತಿಗೆ ಇಲ್ಲಿದೆ. ನೀನೇ ಮಾಡ್ಕೋ."

"ನನಗೆ ಕಬ್ಬಿಣದ ಕೆಲಸ ಗೊತ್ತಿಲ್ಲ."

"ನನಗೂ ಹುಟ್ಟುವಾಗ ಗೊತ್ತಿರಲಿಲ್ಲ."

"ಕಾದ ಕಬ್ಬಿಣ ಹಿಡಿಯೋಕೆ ಇಕ್ಕಳ ಬೇಕು. ಇಕ್ಕಳ ಇದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?"

ಮೇಲಿನಿಂದ ಗಿಡ್ಡಮ್ಮ ಕಿಸಕ್ಕೆಂದಳು. ಕುಟ್ರಯ್ಯ ಅಂದ, "ನನ್ನ ಇಕ್ಕಳ ನಿನ್ನ ಕಾಲಿಗೆ ಹಿಡಿಯೋಕೆ ಬರಲ್ಲ, ಉದ್ದ ಕಂಬಿ ತಗೋ. ಒಂದು ತುದಿ ಬೆಂಕೀಲಿ ಇರ್ಲಿ, ಇನ್ನೊಂದು ತುದಿ ನಿನ್ನ ಕಾಲಲ್ಲಿ ಇರ್ಲಿ. ಬಿಸಿ ಅಷ್ಟು ದೂರ ನಡ್ಕೊಂಡು ಬರೋದ್ರೊಳಗೆ ಬಡಿದು ಮುಗಿಸು. ಎಂಥ ಕೊಕ್ಕು ಬೇಕು ಹೇಳು."

ಬೂದವ್ವ ಹೊಳೆಯ ಆಚೆ ದಡ ನೋಡಿದಳು. ಅಲ್ಲಿ ಮಲ್ಲಿಗಮ್ಮ ನೀರಲ್ಲಿ ತನ್ನ ಕೊಕ್ಕು ನೋಡಿಕೊಳ್ಳುತ್ತಾ ನಿಂತಿದ್ದಳು.

"ಅವಳದ್ದರ ಹಾಗೆ," ಅಂದಳು ಬೂದವ್ವ.

ಕುಟ್ರಯ್ಯ ಏನೋ ಹೇಳಲು ಹೋದ. ಮೇಲೆ ಗಿಡ್ಡಮ್ಮ ಕೆಮ್ಮಿದಳು. ಅವನು ಬಾಯಿ ಮುಚ್ಚಿಕೊಂಡ. ಮಲ್ಲಿಗಮ್ಮನ ವಿಷಯ ಆ ಮರದ ಕೆಳಗೆ ಎತ್ತುವ ಹಾಗೇ ಇರಲಿಲ್ಲ.

ಬೂದವ್ವ ಒಂದು ಕಾಲಲ್ಲಿ ನಿಂತಳು, ಇನ್ನೊಂದು ಕಾಲಲ್ಲಿ ಕಂಬಿ ಹಿಡಿದಳು, ರೆಕ್ಕೆಯಲ್ಲಿ ಸುತ್ತಿಗೆ ಹಿಡಿದಳು. ಗಾಳಿ ಊದಿದ. ಬೆಂಕಿ ಎದ್ದಿತು.

ಆಗ ಹೊಳೆ ಕೇಳಿತು, "ಏನು ಬೂದವ್ವ, ಗಂಡ ಕಡ್ಡಿ ತಂದನಾ?"

ಬೂದವ್ವ ತಿರುಗಿ ಉತ್ತರ ಕೊಟ್ಟಳು. ಹೊಳೆ ಇನ್ನೊಂದು ಕೇಳಿತು. ಬೂದವ್ವ ಅದಕ್ಕೂ ಉತ್ತರ ಕೊಟ್ಟಳು. ಕಡಿಮೆ ಮಾತಿನವಳೇ, ಆದರೆ ಗಂಡನ ಸುದ್ದಿ ಬಂದರೆ ಯಾರು ತಾನೆ ಕಡಿಮೆ ಮಾತಾಡುತ್ತಾರೆ? ಅಷ್ಟರಲ್ಲಿ ಹಿಂದೆ ಚಿಟಚಿಟ ಸದ್ದು. ಕಬ್ಬಿಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಹೋಗಿ, ನಕ್ಷತ್ರಕಡ್ಡಿಯ ಹಾಗೆ ಕಿಡಿ ಕಾರಿ, ತುದಿ ಪುಡಿಪುಡಿಯಾಗಿ ಉದುರಿಹೋಯಿತು.

"ಕಬ್ಬಿಣ ಸುಟ್ಟೆಯಲ್ಲ ತಾಯಿ," ಅಂದ ಕುಟ್ರಯ್ಯ. "ಕಾಯಿಸೋದು ಬೇರೆ, ಸುಡೋದು ಬೇರೆ. ಬೆಂಕೀಲಿ ಕಬ್ಬಿಣ ಇಟ್ಟಾಗ ಮನೆ ಮಾತು ಆಡಬಾರದು."

"ಪಾಪ, ನಾನು ಯಾರಿಗೂ ಹೇಳಲ್ಲ," ಅಂದಿತು ಹೊಳೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಏಳು ಊರಿನ ಮೀನಿಗೂ ಗೊತ್ತಾಗಿತ್ತು.

ಬೂದವ್ವ ಇನ್ನೊಂದು ಕಂಬಿ ತೆಗೆದುಕೊಂಡಳು. ಈ ಸಲ ಹೊಳೆಗೆ ಬೆನ್ನು ಹಾಕಿ ನಿಂತಳು. ಕೆಂಪಗೆ ಕಾಯಿಸಿದಳು, ಕಲ್ಲಿನ ಮೇಲೆ ಇಟ್ಟಳು. ಟುಕ್ ಟುಕ್ ಟುಕ್. ಬಾಯಿ ಚಪ್ಪಟೆ ಮಾಡಿದಳು. ತಿರುಗಿಸಿದಳು. ಟುಕ್ ಟುಕ್ ಟುಕ್. ಕೀಲು ಕೂರುವ ಜಾಗ ಮಾಡಿದಳು. ಟುಕ್ ಟುಕ್ ಟುಕ್. ಹಿಡಿಕೆ ಎಳೆದಳು. ಒಂದು ಭಾಗ ಆಯಿತು. ಒಳ್ಳೆಯದೇ ಆಯಿತು.

ಎರಡನೆಯದು ಮಾಡುವಾಗ ಅವಳು ಯೋಚನೆ ಮಾಡಿದಳು. ಎರಡು ಕಾಲು ಇದೆ, ಒಂದು ಎಡ, ಒಂದು ಬಲ. ಎರಡು ರೆಕ್ಕೆ ಇದೆ, ಒಂದು ಎಡ, ಒಂದು ಬಲ. ಹಾಗಾದರೆ ಇಕ್ಕಳಕ್ಕೂ ಹಾಗೇ ಇರಬೇಕು. ಮೊದಲನೆಯದು ಬಲಕ್ಕೆ ತಿರುಗಿದೆಯಲ್ಲ, ಇದನ್ನು ಎಡಕ್ಕೆ ತಿರುಗಿಸಿದಳು. ಎರಡನ್ನೂ ಒಂದರ ಮೇಲೆ ಒಂದು ಇಟ್ಟು ನೋಡಿದಳು. ಕೂರಲಿಲ್ಲ. ತಿರುಗಿಸಿ ಇಟ್ಟಳು. ಕೂರಲಿಲ್ಲ. ಮಗುಚಿ ಇಟ್ಟಳು. ಎರಡು ಬಾಯೂ ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡವು, ಜಗಳವಾಡಿದ ಓರಗಿತ್ತಿಯರ ಹಾಗೆ.

ಕುಟ್ರಯ್ಯನಿಗೆ ನಗು ತಡೆಯಲಾಗಲಿಲ್ಲ. "ಜೊತೆ ಮೆಟ್ಟು ಮಾಡಿದ್ದೀಯಲ್ಲ ತಾಯಿ! ಎಡಕ್ಕೊಂದು ಬಲಕ್ಕೊಂದು!"

"ಮತ್ತೆ ಹೇಗೆ?"

"ಎರಡೂ ಒಂದೇ ಥರ. ಅಚ್ಚು ಒಂದೇ. ಒಂದನ್ನ ಮಗುಚಿ ಇನ್ನೊಂದರ ಮೇಲೆ ಇಟ್ಟರೆ ತಾವೇ ತಬ್ಬಿಕೊಳ್ತವೆ. ಹೊಸಬರೆಲ್ಲ ಇಲ್ಲೇ ಎಡವೋದು. ನಾನೂ ಎಡವಿದ್ದೆ."

"ಅವನು ಮೂರು ಸಲ ಎಡವಿದ್ದ," ಅಂದಳು ಮೇಲಿನಿಂದ ಗಿಡ್ಡಮ್ಮ.

ಬೂದವ್ವ ಅತ್ತಳಾ? ಅಳಲಿಲ್ಲ. ಎಡಗಡೆಯದನ್ನು ಪಕ್ಕಕ್ಕೆ ಎಸೆದಳು, ಇನ್ನೊಂದು ಕಂಬಿ ಬೆಂಕಿಗೆ ಇಟ್ಟಳು. ಈ ಸಲ ಮೊದಲನೆಯದನ್ನು ಕಣ್ಣ ಮುಂದೆ ಇಟ್ಟುಕೊಂಡು ಅದರ ಹಾಗೇ ಬಡಿದಳು. ತಬ್ಬಿಕೊಂಡವು. ತೂತು ಹೊಡೆದು ಕೀಲು ಹಾಕಿ ಕೀಲಿನ ತಲೆ ತಟ್ಟಿದಳು. ಅಯ್ಯೋ, ಈಗ ಅಲ್ಲಾಡಲೊಲ್ಲದು! ತೆರೆಯದು, ಮುಚ್ಚದು.

"ಹೆದರ್ಬೇಡ," ಅಂದ ಕುಟ್ರಯ್ಯ. "ಕೀಲಿನ ಜಾಗ ಮಾತ್ರ ಕೆಂಪಗೆ ಕಾಯಿಸು. ಹೊಳೇಲಿ ಅದ್ದಿ ತೆರೀತಾ ಮುಚ್ಚುತಾ ಇರು. ಆರೋ ತನಕ ನಿಲ್ಲಿಸಬೇಡ."

ಬೂದವ್ವ ಅದ್ದಿದಳು. ಚುಯ್ಯ್! ತೆರೆದಳು, ಮುಚ್ಚಿದಳು, ತೆರೆದಳು, ಮುಚ್ಚಿದಳು. ಹೊಳೆಗೆ ಬಾಯೆಲ್ಲ ಸುಟ್ಟಿತು, ಒಂದು ಗಳಿಗೆ ಅದೂ ಸುಮ್ಮನಿತ್ತು. ಆರುವಷ್ಟರಲ್ಲಿ ಇಕ್ಕಳ ಸಲೀಸಾಗಿ ಆಡತೊಡಗಿತು. ಆಮೇಲೆ ಕಲ್ಲಿಗೆ ಉಜ್ಜಿದಳು, ಮರಳಿಗೆ ಉಜ್ಜಿದಳು, ಎರಡು ಬಾಯಿಯ ನಡುವೆ ಕೂದಲೆಳೆ ತೂರದ ಹಾಗೆ ಕೂಡಿಸಿದಳು. ಮಲ್ಲಿಗಮ್ಮನದ್ದರ ಹಾಗೇ! ಅಲ್ಲ, ಒಂದು ಕೈ ಮೇಲೆಯೇ. ಹಿಡಿಕೆಗಳನ್ನು ಕೆನ್ನೆಯೊಳಗೆ ಸೇರಿಸಿ ಭದ್ರ ಮಾಡಿಕೊಂಡಳು.

ಕೆರೆಗೆ ಹೋದಳು ನೋಡು, ಏನು ಮರ್ಯಾದೆ! ದಂಡೆಯಲ್ಲಿ ಕೊಕ್ಕಿನವರದ್ದೇ ಒಂದು ಸಾಲು ಇತ್ತು. ಮುಂದೆ ಮಲ್ಲಿಗಮ್ಮ, ಹಿಂದೆ ಅವಳ ಬೀಗರು, ಅವರ ಹಿಂದೆ ಅವರ ಬೀಗರು. ಮೆತ್ತನೆ ಬಾಯಿಯವರಿಗೆ ಅಲ್ಲಿ ಜಾಗ ಇಲ್ಲ. ಮಲ್ಲಿಗಮ್ಮ ಬೂದವ್ವನನ್ನು ಮೇಲಿಂದ ಕೆಳಗೆ ನೋಡಿದಳು.

"ಪರವಾಗಿಲ್ವೇ ಬೂದವ್ವ! ಈಗ ಮುಖ ಮುಖದ ಹಾಗಿದೆ. ಬಾ, ನನ್ನ ಪಕ್ಕ ನಿಂತ್ಕೋ. ನಮ್ಮಲ್ಲಿ ಮದುವೆ ಗಿದುವೆ ಆದರೆ ಇನ್ಮೇಲೆ ನಿನಗೂ ಕರೆ ಬರುತ್ತೆ."

ಬೂದವ್ವ ಪಕ್ಕ ನಿಂತಳು. ಎಲ್ಲರೂ ನೋಡಿದರು. ನೀರಲ್ಲಿ ಮುಖ ನೋಡಿಕೊಂಡಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಮರಿಗಳನ್ನೂ ಮರೆತಳು.

ಆಮೇಲೆ ಬಗ್ಗಿ ಬಸವನ ಹುಳುವಿಗೆ ಕೊಕ್ಕು ಹಾಕಿದಳು. ಹುಳು ಬಾಗಿಲು ಹಾಕಿಕೊಂಡಿತು.

"ಮನೇಲಿ ಯಾರೂ ಇಲ್ಲ!"

ಬೂದವ್ವ ಹಿಡಿದಳು. ಚೂಪು ತುದಿ ಗುಂಡು ಚಿಪ್ಪಿನ ಮೇಲೆ ಕೂತಿತು. ಒತ್ತಿದಳು. ಪುಸಕ್! ಹುಳು ಹಾರಿ ಆಚೆ ಬಿದ್ದಿತು. ಮತ್ತೆ ಹಿಡಿದಳು. ಪುಸಕ್! ಎಷ್ಟು ಗಟ್ಟಿಯಾಗಿ ಒತ್ತಿದರೆ ಅಷ್ಟು ದೂರ ಹಾರುತ್ತಿತ್ತು. ಒಂದು ಹುಳು ಹಾರಿ ಮಲ್ಲಿಗಮ್ಮನ ಬೀಗರ ತಲೆಗೇ ಬಡಿಯಿತು.

ಮೀನಿಗೆ ಬಗ್ಗಿದಳು. ಮೀನಿಗೆ ಆ ಕೊಕ್ಕು ಸರಿಯೇ, ಆದರೆ ಅಕ್ಕಪಕ್ಕದವರು ಕೊಕ್ಕು ಬಂದ ದಿನದಿಂದ ಮೀನು ಹಿಡಿದು ಪಳಗಿದವರು. ಇವಳು ಬಗ್ಗುವಷ್ಟರಲ್ಲಿ ಎತ್ತಿರುತ್ತಿದ್ದರು. ಹೀಗೆ ಸಂಜೆಯಾಯಿತು, ಹೀಗೆ ರಾತ್ರಿ ಕಳೆಯಿತು. ಮುಂದಿನ ಸಾಲಲ್ಲಿ ಜಾಗ, ಹೊಟ್ಟೆಯಲ್ಲಿ ಏನೂ ಇಲ್ಲ.

ಮಾರನೆಯ ಬೆಳಗ್ಗೆ ಗೂಡಿಗೆ ಹೋದರೆ ಒಂದು ಮರಿ ಅಳುತ್ತಿತ್ತು. ಇನ್ನೊಂದು ಅಳುತ್ತಿರಲಿಲ್ಲ. ಕತ್ತೆತ್ತಲು ನೋಡಿತು, ಕತ್ತು ಏಳಲಿಲ್ಲ, ಗೂಡಿನ ಅಂಚಿಗೆ ಒರಗಿಕೊಂಡಿತು. ಗಂಡ ಒಂದು ಕಡ್ಡಿ ಹಿಡಿದುಕೊಂಡು ನಿಂತಿದ್ದ.

ಬೂದವ್ವ ಹಾರಿ ಕುಲುಮೆಗೆ ಬಂದಳು. ಕುಟ್ರಯ್ಯ ಕೊಡಲಿ ತಟ್ಟುತ್ತಿದ್ದ. ಅವನ ಇಕ್ಕಳಗಳೆಲ್ಲ ಆಲದ ಬಿಳಲಿಗೆ ನೇತಾಡುತ್ತಿದ್ದವು. ಬೂದವ್ವ ಅವನ್ನು ನೋಡಿದಳು. ಒಂದಾದ ಮೇಲೆ ಒಂದು ನೋಡಿದಳು. ಸಣ್ಣದರಲ್ಲಿ ಸಣ್ಣ ಸಂದು, ದೊಡ್ಡದರಲ್ಲಿ ದೊಡ್ಡ ಸಂದು. ಒಂದರ ಬಾಯೂ ಪೂರ್ತಿ ಕೂಡಿರಲಿಲ್ಲ.

"ಕುಟ್ರಯ್ಯ, ನಿನ್ನ ಇಕ್ಕಳ ಯಾವುದೂ ಬಾಯಿ ಮುಚ್ಚಲ್ವಲ್ಲ?"

"ಖಾಲಿ ಇಕ್ಕಳ ಬಾಯಿ ಮುಚ್ಚಿ ಏನಾಗಬೇಕು ತಾಯಿ? ಹಿಡಿಯೋ ಸಾಮಾನು ಒಳಗೆ ಕೂತಾಗ ಎರಡು ಕಡೆಯೂ ಸರಿಯಾಗಿ ತಬ್ಬಬೇಕು. ಸಾಮಾನಿಗೆ ಜಾಗ ಬಿಡದೆ ಕೂಡಿಸಿದರೆ ತುದಿ ಮಾತ್ರ ಹಿಡಿಯುತ್ತೆ, ಸಾಮಾನು ಜಾರುತ್ತೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

ಕುಟ್ರಯ್ಯ ಮೇಲೆ ನೋಡಿದ, ಕೆಳಗೆ ನೋಡಿದ. "ಏನು ಹಿಡಿಯೋಕೆ ಅಂತ ನೀನು ಹೇಳಲಿಲ್ಲ. ಅವಳದ್ದರ ಹಾಗೆ ಬೇಕು ಅಂದೆ. ಅವಳ ವಿಷಯ ಬಂದರೆ ನಾನು ಈ ಮರದ ಕೆಳಗೆ ಬಾಯಿ ಬಿಡೋ ಹಾಗಿದೆಯಾ?"

"ಹೂಂ, ನನ್ನ ಮೇಲೆ ಹಾಕು," ಅಂದಳು ಗಿಡ್ಡಮ್ಮ. ಆದರೆ ಆಲದ ಹಣ್ಣು ತಿನ್ನುವುದು ನಿಲ್ಲಿಸಿದ್ದಳು.

"ಈಗ ತಿದ್ದಬಹುದಾ?" ಕೇಳಿದಳು ಬೂದವ್ವ.

"ಕೀಲು ಕಿತ್ತರೆ ಮತ್ತೆ ಮುಖಕ್ಕೆ ಕೂರಲ್ಲ. ಮುಖದಲ್ಲಿ ಇದ್ದ ಹಾಗೇ ಕಾಯಿಸಬೇಕು. ಬೆಂಕಿಗೆ ಮುಖ ಕೊಡಬೇಕು ತಾಯಿ." ಸುತ್ತಿಗೆ ಕೆಳಗಿಟ್ಟು ಅಂದ, "ಆಮೇಲೆ ಈ ಬಾಯಿ ಮುಚ್ಚಲ್ಲ. ಯಾವತ್ತೂ ಮುಚ್ಚಲ್ಲ. ಕೆರೆ ದಂಡೆಯ ಆ ಸಾಲಲ್ಲಿ ನಿನ್ನ ಯಾರೂ ನಿಲ್ಲಿಸಿಕೊಳ್ಳಲ್ಲ."

ಬೂದವ್ವ ಹೊಳೆಗೆ ಹೋಗಿ ಒಂದು ಸತ್ತ ಬಸವನ ಹುಳುವಿನ ಖಾಲಿ ಚಿಪ್ಪು ಹುಡುಕಿದಳು. ಒತ್ತಿದರೆ ಒಡೆಯಬಾರದಲ್ಲ, ಅದಕ್ಕೆ ಒಳಗೆ ಜೇಡಿಮಣ್ಣು ತುಂಬಿದಳು. ಹೊಳೆಯೇ ಒಳ್ಳೆ ಅಂಟು ಮಣ್ಣು ತಂದುಕೊಟ್ಟಿತು, ಒಂದು ಮಾತೂ ಆಡದೆ. ಚಿಪ್ಪನ್ನು ಕಲ್ಲಿನ ಪಕ್ಕ ಇಟ್ಟಳು.

"ಗಾಳೀ, ಊದು!" ಅಂದಳು.

ಗಾಳಿ ಎಲ್ಲಿ? ಬೇಕಾದ ಹೊತ್ತಿಗೆ ಇಲ್ಲ. ಯಾವುದೋ ಗುಡ್ಡದ ಮೇಲೆ ಹುಲ್ಲಿನ ಜೊತೆ ಸರಸವಾಡುತ್ತಿದ್ದ. ಎಲೆ ಅಲ್ಲಾಡುತ್ತಿರಲಿಲ್ಲ. ಗಿಡ್ಡಮ್ಮ ತಿದಿ ಮುಟ್ಟುವುದಿಲ್ಲ ಅಂದಿದ್ದಳು, ಕೊಂಬೆಯ ತುದಿಗೆ ಸರಿದು ಕೆಳಗೆ ನೋಡುತ್ತಿದ್ದಳು.

ಬೂದವ್ವ ತನ್ನ ಎರಡು ರೆಕ್ಕೆಯನ್ನೂ ಹರಡಿದಳು. ಬೆಂಕಿಯ ಮೇಲೆ ಬೀಸಿದಳು. ಬೀಸಿದಳು, ಬೀಸಿದಳು. ಬೂದಿ ಎದ್ದಿತು, ಮಸಿ ಎದ್ದಿತು, ಕೆಂಡ ಕಣ್ಣು ಬಿಟ್ಟಿತು. ರೆಕ್ಕೆಯ ಅಂಚೆಲ್ಲ ಮಸಿ ಹಿಡಿದು ಕಪ್ಪಾಯಿತು. ಬೆಂಕಿ ಭಗ್ಗೆಂದಾಗ ಬೂದವ್ವ ಕಣ್ಣು ಮುಚ್ಚಿ ಕತ್ತು ಮುಂದೆ ಚಾಚಿ ಕೊಕ್ಕನ್ನು ಕೆಂಡದಲ್ಲಿ ಇಟ್ಟಳು.

ಅಮ್ಮಾ ಅನ್ನಲಿಲ್ಲ. ಅನ್ನಲು ಬಾಯಿ ಬೆಂಕಿಯಲ್ಲಿತ್ತು.

ಕಬ್ಬಿಣ ಕೆಂಪಾಯಿತು. ಬಿಸಿ ತುದಿಯಿಂದ ನಡುವಿಗೆ ಬಂತು, ನಡುವಿನಿಂದ ಕೆನ್ನೆಯ ಕಡೆಗೆ ನಡೆಯತೊಡಗಿತು.

"ತೆಗಿ ತಾಯಿ, ತೆಗಿ!" ಅಂದ ಕುಟ್ರಯ್ಯ.

ಬೂದವ್ವ ತೆಗೆದಳು. ಕಾದ ಕೊಕ್ಕಲ್ಲಿ ಚಿಪ್ಪನ್ನು ಕಚ್ಚಿದಳು, ತಲೆಯನ್ನು ಕಲ್ಲಿನ ಮೇಲೆ ಇಟ್ಟಳು. ಸುತ್ತಿಗೆ ಎತ್ತಬೇಕು. ರೆಕ್ಕೆ ಬೀಸಿ ಬೀಸಿ ಸೋತಿತ್ತು, ಸುತ್ತಿಗೆ ಏಳಲಿಲ್ಲ. ಕಬ್ಬಿಣ ಆರುತ್ತಾ ಬಂತು. ಕೆಂಪು ಕಪ್ಪಿಗೆ ತಿರುಗಿತು. ಇನ್ನೊಂದು ಸಲ ಬೆಂಕಿಗೆ ಮುಖ ಕೊಡುವ ಶಕ್ತಿ ಅವಳಿಗಿಲ್ಲ. ಕುಟ್ರಯ್ಯನ ಕೈ ಮುಂದೆ ಬಂತು, ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು, ಕೈ ಅಲ್ಲೇ ನಿಂತಿತು.

"ಏನು ನೋಡ್ತಾ ನಿಂತಿದ್ದೀಯ, ಮಂಕೇ?" ಮೇಲಿನಿಂದ ಗಿಡ್ಡಮ್ಮ ಕಿರುಚಿದಳು. "ಬಡಿಯೋ! ಮಾತು ನನ್ನದು, ನಾನೇ ವಾಪಸ್ ತಗೊಂಡೆ. ಬಡಿ!"

ಟುಕ್ ಟುಕ್ ಟುಕ್! ಕುಟ್ರಯ್ಯ ಬಡಿದ. ಟುಕ್ ಟುಕ್ ಟುಕ್! ಮೇಲಿನ ಕೊಕ್ಕು ಚಿಪ್ಪಿನ ಬೆನ್ನಿಗೆ ಬಾಗಿತು. ಕೆಳಗಿನ ಕೊಕ್ಕು ಚಿಪ್ಪಿನ ಹೊಟ್ಟೆಗೆ ಬಾಗಿತು. ಮುಂದೆ ತುದಿಗಳು ಮಾತ್ರ ಒಂದಕ್ಕೊಂದು ತಾಗಿಕೊಂಡು ಉಳಿದವು. ಬೂದವ್ವ ಹೊಳೆಗೆ ಓಡಿ ಮುಖ ಅದ್ದಿದಳು. ಚುಯ್ಯ್! ಆವಿ ಎದ್ದಿತು.

ತಲೆ ಎತ್ತಿ ಚಿಪ್ಪು ಉಗುಳಿದಳು. ಬಾಯಿ ಮುಚ್ಚಿದಳು. ಮುಚ್ಚಲಿಲ್ಲ. ನಡುವೆ ಸಂದು. ಆ ಸಂದಿನಲ್ಲಿ ಆಚೆ ದಡ ಕಾಣುತ್ತಿತ್ತು.

ಕೆರೆಗೆ ಹೋದಾಗ ಏನಾಯಿತು ಅಂತ ಬೇರೆ ಹೇಳಬೇಕಾ? ಮಲ್ಲಿಗಮ್ಮ ರೆಕ್ಕೆಯಿಂದ ಮುಖ ಮುಚ್ಚಿಕೊಂಡಳು.

"ಥೂ, ಏನೇ ಇದು ಅವತಾರ! ಬಾಯಿ ಬಿಟ್ಕೊಂಡೇ ಇದ್ದೀಯಲ್ಲೇ! ಹಲ್ಲು ಬಿದ್ದ ಮುದುಕಿ ಹಾಗೆ! ರೆಕ್ಕೆ ನೋಡು, ಒಲೆ ಸಾರಿಸಿದ ಬಟ್ಟೆ! ನಮ್ಮ ಸಾಲಲ್ಲಿ ಮಾತ್ರ ನಿಲ್ಲಬೇಡ, ಜನ ಏನಂದುಕೊಂಡಾರು?"

ಬೀಗರು ನಕ್ಕರು. ಬೀಗರ ಬೀಗರು ನಕ್ಕರು. ಕಪ್ಪೆಗಳೂ ನಕ್ಕವು, ಅವಕ್ಕೆ ಯಾಕೆ ಬೇಕಿತ್ತೋ!

ಬೂದವ್ವ ಸಾಲು ದಾಟಿ ಹೋಗಿ ಒಬ್ಬಳೇ ಕೆಸರಿನಲ್ಲಿ ನಿಂತಳು. ಬಗ್ಗಿದಳು.

"ಮನೇಲಿ ಯಾರೂ ಇಲ್ಲ!" ಅಂದಿತು ಬಸವನ ಹುಳು.

"ಯಾರೂ ಇಲ್ಲದಿದ್ರೆ ಬಾಗಿಲು ಹಾಕಿಕೊಂಡದ್ದು ಯಾರಪ್ಪ?" ಅಂದಳು ಬೂದವ್ವ. ಚಿಪ್ಪು ಸಂದಿನಲ್ಲಿ ಕೂತಿತು. ಒತ್ತಿದಳು. ಜಾರಲಿಲ್ಲ. ಇನ್ನೂ ಒತ್ತಿದಳು. ಜಾರಲಿಲ್ಲ. ಹುಳು ಒಳಗೆ ಹೊರಳಾಡಿತು, ಉರುಳಾಡಿತು, ಲೋಳೆ ಬಿಟ್ಟಿತು. ಏನು ಮಾಡಿದರೂ ಜಾರಲಿಲ್ಲ. ಬೂದವ್ವ ಕೊಕ್ಕಿನ ತುದಿಯಿಂದ ಬಾಗಿಲು ಮೀಟಿದಳು, ಎಳೆದಳು, ಹುಳು ಹೊರಗೆ ಬಂತು.

ಗೂಡಿಗೆ ಹಾರಿದಳು. ಕತ್ತೆತ್ತದ ಮರಿಯ ಬಾಯಿಗೆ ಮೊದಲು ಇಟ್ಟಳು. ಮರಿ ಸುಮ್ಮನಿತ್ತು. ಬೂದವ್ವ ಕಾದಳು. ಮರಿಯ ಗಂಟಲು ಒಂದು ಸಲ ಅಲ್ಲಾಡಿತು. ನುಂಗಿತು. ಮತ್ತೆ ಇಳಿದಳು, ಮತ್ತೆ ತಂದಳು. ಮತ್ತೆ ಇಳಿದಳು, ಮತ್ತೆ ತಂದಳು. ಸಂಜೆಯ ಹೊತ್ತಿಗೆ ಎರಡು ಮರಿಯೂ ಕತ್ತೆತ್ತಿ ಜಗಳವಾಡುತ್ತಿದ್ದವು, ನನಗೆ ಮೊದಲು ತನಗೆ ಮೊದಲು ಅಂತ. ಅದಕ್ಕಿಂತ ಒಳ್ಳೆ ಸದ್ದು ಯಾವ ತಾಯಿಗೆ ಬೇಕು?

ಮಲ್ಲಿಗಮ್ಮ ದಂಡೆಯಿಂದ ಇದನ್ನೆಲ್ಲ ನೋಡಿದಳು. ಆ ವರ್ಷ ಕೆರೆಯಲ್ಲಿ ಮೀನು ಕಡಿಮೆಯಾದಾಗ ಒಂದು ಸಂಜೆ ಮೆಲ್ಲಗೆ ಕೆಸರಿಗೆ ಇಳಿದು ತಾನೂ ಒಂದು ಬಸವನ ಹುಳುವನ್ನು ಹಿಡಿದು ನೋಡಿದಳಂತೆ. ಪುಸಕ್! ಯಾರೂ ನೋಡಲಿಲ್ಲ ಅಂದುಕೊಂಡಳು. ಕೆರೆಗೆ ಬಂದು ಸೇರುವ ಹೊಳೆ ನೋಡಿತ್ತು. ನಾನು ಯಾರಿಗೂ ಹೇಳಲ್ಲ ಅಂದಿತು. ಅದಕ್ಕೇ ನನಗೆ ಗೊತ್ತಾದದ್ದು.

ಬೂದವ್ವನ ಮರಿಗಳು ಬೆಳೆದವು. ಅವಕ್ಕೆ ಹುಟ್ಟಿದ ಮರಿಗಳಿಗೆ ಕುಲುಮೆಗೆ ಹೋಗುವ ಕಷ್ಟವಿಲ್ಲದೆ ಕೊಕ್ಕು ತಾನಾಗಿಯೇ ಬಂತು. ಆದರೆ ಬಂದದ್ದು ಬೂದವ್ವ ಮೊದಲು ಮಾಡಿಕೊಂಡ ಕೊಕ್ಕು, ನೆಟ್ಟಗೆ, ಚೂಪಗೆ, ಕೂದಲೆಳೆ ತೂರದ ಹಾಗೆ ಮುಚ್ಚುವಂಥದು. ಸಂದು ಬರಲಿಲ್ಲ. ಅದು ಬೆಂಕಿಗೆ ಮುಖ ಕೊಟ್ಟು ಗಳಿಸಿದ್ದು, ಹೆತ್ತು ಕೊಡಲು ಆಗುವಂಥದಲ್ಲ. ಕೆಸರಿಗೆ ಇಳಿದು, ಚಿಪ್ಪು ಹಿಡಿದು ಹಿಡಿದು, ಅದರ ಸುತ್ತ ಕೊಕ್ಕು ತಾನೇ ಬಾಗಬೇಕು.

ಅದಕ್ಕೇ ಕಂದ, ಜನ ಬಾಯ್ಕಳಕ ಅಂತ ಕರೆಯುವ ಬೂದಿ ಬಣ್ಣದ, ಕಪ್ಪು ರೆಕ್ಕೆಯಂಚಿನ ಕೊಕ್ಕರೆ ಇವತ್ತು ಕೆರೆಯಲ್ಲಿ ಕಂಡರೆ ಚೆನ್ನಾಗಿ ನೋಡು: ಬಾಯಿ ನೆಟ್ಟಗೆ ಮುಚ್ಚಿದ್ದರೆ ಅದು ಇನ್ನೂ ಅವ್ವ ತಂದದ್ದು ತಿನ್ನುವ ಮರಿ, ಬಾಯಿಯ ಸಂದಿನಲ್ಲಿ ಆಚೆ ದಡದ ಬೆಳಕು ಕಂಡರೆ ಅದು ತನ್ನ ಅನ್ನ ತಾನೇ ಹಿಡಿಯುವ ಕೊಕ್ಕರೆ.